ಸ್ಕೈರಿಮ್: ನೆಲ ಇಷ್ಟು ಚೆನ್ನಾಗಿದ್ದೂ ಜನ ಯಾಕೆ ಸಪ್ಪೆ?

ಪ್ರಶ್ನೆ: ದಿ ವಿಚರ್ 3 ಮತ್ತು ಎಲ್ಡನ್ ರಿಂಗ್ ಆಡಿ ಮುಗಿಸಿದ್ದೇನೆ. ನಮ್ಮಣ್ಣ ಹೇಳಿದ ಅಂತ ಈಗ ಸ್ಕೈರಿಮ್ ಸ್ಪೆಷಲ್ ಎಡಿಷನ್ ತಗೊಂಡು ಲ್ಯಾಪ್‌ಟಾಪಿನಲ್ಲಿ ಶುರು ಮಾಡಿದ್ದೇನೆ. ಲೆವೆಲ್ 14 ಆಗಿದೆ. ಕಂಪ್ಯಾನಿಯನ್ಸ್ ಗುಂಪಿಗೆ ಆಗಲೇ ನಾನೇ ನಾಯಕ. ಡ್ರ್ಯಾಗನ್‌ಗಳನ್ನೂ ಹೊಡೆದಿದ್ದೇನೆ. ಆದರೆ ಕತ್ತಿ ಗಾಳಿಯಲ್ಲಿ ಬೀಸಿದ ಹಾಗಿದೆ, ಜನ ಬೊಂಬೆಗಳ ಹಾಗೆ ಮಾತಾಡುತ್ತಾರೆ. ಏನು ಮಾಡಿದರೂ ಏನೂ ಬದಲಾಗುವುದಿಲ್ಲ. ಅಣ್ಣ ಮಾತ್ರ ಇದಕ್ಕಿಂತ ಒಳ್ಳೆಯ ಗೇಮ್ ಇಲ್ಲ ಅಂತಾನೆ. ಮುಂದುವರಿಸಲಾ, ಬಿಡಲಾ? ಮಾಡ್ (ಅಭಿಮಾನಿಗಳು ಮಾಡಿದ ತಿದ್ದುಪಡಿ) ಹಾಕಿದರೆ ಸರಿಹೋಗುತ್ತಾ? (ಓದುಗರು, ಹುಬ್ಬಳ್ಳಿ)

ಉತ್ತರ: ಬಿಡಬೇಡಿ. ಆದರೆ ಈಗ ಆಡುತ್ತಿರುವ ರೀತಿಯನ್ನು ಬಿಡಿ. ನಿಮ್ಮ ದೂರುಗಳೆಲ್ಲ ನಿಜ, ಅದರಲ್ಲಿ ಎರಡು ಮಾತಿಲ್ಲ. ಅಷ್ಟು ದೂರು ಇದ್ದೂ ನಿಮ್ಮಣ್ಣನಂಥವರು ಇದನ್ನು ಯಾಕೆ ಇಷ್ಟು ಹಚ್ಚಿಕೊಂಡಿದ್ದಾರೆ ಅನ್ನುವುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಸ್ಕೈರಿಮ್ ಬಂದದ್ದು 2011ರ ನವೆಂಬರ್ 11ರಂದು. ಎಲ್ಡರ್ ಸ್ಕ್ರಾಲ್ಸ್ ಸರಣಿಯ ಐದನೇ ಗೇಮ್ ಇದು. ಮಾಡಿದ್ದು ಅಮೆರಿಕದ ಬೆಥೆಸ್ಡಾ ಗೇಮ್ ಸ್ಟುಡಿಯೋಸ್, ನಿರ್ದೇಶಕರು ಟಾಡ್ ಹೋವರ್ಡ್. ತಂಡದಲ್ಲಿ ಇದ್ದವರು ಸುಮಾರು 100 ಜನ. 6 ಕೋಟಿಗೂ ಜಾಸ್ತಿ ಪ್ರತಿ ಮಾರಾಟ ಆಗಿದೆ ಅಂತ 2023ರಲ್ಲಿ ಹೋವರ್ಡ್ ಹೇಳಿದರು. ನೀವು ಆಡಿದ ವಿಚರ್ 3 ಬಂದದ್ದು 2015ರಲ್ಲಿ, ಎಲ್ಡನ್ ರಿಂಗ್ 2022ರಲ್ಲಿ. ಎರಡನ್ನೂ ಮಾಡಿದವರು ಸ್ಕೈರಿಮ್ ಬಂದ ಮೇಲಿನ ಕಾಲದಲ್ಲಿ ಕೆಲಸ ಮಾಡಿದವರು. ಹಾಗಂತ ಬರೀ ಹಳೆಯದಾಯಿತು ಅಂದರೆ ಅದು ಅರ್ಧ ಉತ್ತರ. ಕತ್ತಿಗೆ ತೂಕ ಇಲ್ಲ, ಜನ ಸಪ್ಪೆ ಅನ್ನುವ ದೂರು 2011ರಲ್ಲೇ ಇತ್ತು.

ನನ್ನ ಪ್ರಕಾರ ವಿಷಯ ಇಷ್ಟು. ಸ್ಕೈರಿಮ್‌ನ ನೆಲವನ್ನು ಮಾಡಿದವರು ನಿಮ್ಮ ಕಣ್ಣನ್ನು ನಂಬಿದ್ದಾರೆ. ನೋಡ್ತೀರಿ, ಹತ್ತಿರ ಹೋಗ್ತೀರಿ, ನೀವೇ ಅರ್ಥ ಮಾಡಿಕೊಳ್ತೀರಿ ಅಂತ ಸುಮ್ಮನಿದ್ದಾರೆ. ಅಲ್ಲಿನ ಜನ, ಗುಂಪುಗಳು, ಪದವಿಗಳ ವಿಷಯಕ್ಕೆ ಬಂದಾಗ ಆ ನಂಬಿಕೆ ಇಲ್ಲ. ಅಲ್ಲಿ ನಿಮ್ಮನ್ನು ಮೆಚ್ಚಿಸುವ ಅವಸರ. ಏನು ಕೇಳಿದರೂ ಹೂಂ. ನಿಮ್ಮ ಲೆವೆಲ್ 14 ಈ ಎರಡನೇ ಭಾಗದಲ್ಲೇ ಕಳೆದಿದೆ.

ನೆಲದ ಮಾತು ಮೊದಲು. ಶುರುವಿನಲ್ಲಿ ಹೆಲ್ಗೆನ್‌ನಿಂದ ತಪ್ಪಿಸಿಕೊಂಡು ರಿವರ್‌ವುಡ್ ಹಳ್ಳಿಗೆ ಇಳಿದು ಬಂದಿರಲ್ಲ, ಆ ದಾರಿ ನೆನಪು ಮಾಡಿಕೊಳ್ಳಿ. ಹೊಳೆಯ ಆಚೆ ಬೆಟ್ಟದ ಮೇಲೆ ಕಲ್ಲಿನ ದೊಡ್ಡ ಕಮಾನುಗಳು ಕಾಣುತ್ತವೆ. ಅದು ಬ್ಲೀಕ್ ಫಾಲ್ಸ್ ಬ್ಯಾರೋ ಅನ್ನುವ ಹಳೆಯ ಸಮಾಧಿ. ಹಾಡ್ವಾರ್ ಅನ್ನುವ ಸೈನಿಕನ ಜೊತೆ ಬಂದಿದ್ದರೆ ಅವನು ಅದನ್ನು ತೋರಿಸಿ ಒಂದೆರಡು ಮಾತು ಹೇಳುತ್ತಾನೆ. ಅಷ್ಟೇ. ಆಮೇಲೆ ಹಳ್ಳಿಯಲ್ಲಿ ಎಲ್ಲೇ ನಿಂತರೂ ಆ ಬೆಟ್ಟ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಅಂಗಡಿಯವನು ತನ್ನ ಚಿನ್ನದ ಪಂಜ ಕಳುವಾಗಿದೆ ಅಂದಾಗ ನಿಮಗೆ ಹೋಗಬೇಕಾದ ಜಾಗ ಆಗಲೇ ಗೊತ್ತು. ಹತ್ತುತ್ತಾ ಹೋದ ಹಾಗೆ ಹಿಮ ಜಾಸ್ತಿ ಆಗುತ್ತದೆ, ಗಾಳಿ ಜೋರಾಗುತ್ತದೆ, ಕೆಳಗೆ ಹಳ್ಳಿ ಚಿಕ್ಕದಾಗುತ್ತದೆ.

ಒಳಗೆ ಹೋದ ಮೇಲೆ ಮೂರು ಉಂಗುರಗಳ ಬಾಗಿಲು ಬರುತ್ತದೆ. ಅದಕ್ಕೆ ಸರಿಯಾದ ಜೋಡಣೆ ಬೇಕು. ಉತ್ತರ ನಿಮ್ಮ ಚೀಲದಲ್ಲೇ ಇದೆ. ಕಳ್ಳನಿಂದ ಸಿಕ್ಕ ಆ ಪಂಜವನ್ನು ತೆಗೆದು ತಿರುಗಿಸಿ ನೋಡಿದರೆ ಅಂಗೈಯಲ್ಲಿ ಮೂರು ಪ್ರಾಣಿಗಳ ಗುರುತು ಕೆತ್ತಿದೆ. ಕರಡಿ, ಪತಂಗ, ಗೂಬೆ. ಚೀಲದಲ್ಲಿರುವ ವಸ್ತು ಬರೀ ಹೆಸರಲ್ಲ, ಕೈಯಲ್ಲಿ ಹಿಡಿದು ನೋಡುವಂಥದ್ದು ಅಂತ ಗೇಮ್ ಇಲ್ಲಿ ಕಲಿಸುತ್ತದೆ. ಕೊನೆಯ ಕೋಣೆ ದಾಟಿದ ಮೇಲೆ ಬಂದ ದಾರಿಯಲ್ಲೇ ವಾಪಸ್ ನಡೆಸುವುದಿಲ್ಲ. ಹಿಂದೆ ಒಂದು ಸಣ್ಣ ಸುರಂಗ, ಅದರ ಬಾಯಲ್ಲಿ ಬೆಟ್ಟದ ಇನ್ನೊಂದು ಮಗ್ಗುಲು. ಹೊರಗೆ ಬಂದು ನಿಂತರೆ ಇನ್ನೇನೋ ಒಂದು ಜಾಗ ಕಾಣುತ್ತದೆ, ಕಾಲು ಅತ್ತ ಹೋಗುತ್ತದೆ.

ನಾನು ಲೆವೆಲ್ ಡಿಸೈನ್, ಅಂದರೆ ಗೇಮಿನ ಜಾಗಗಳನ್ನು ರೂಪಿಸುವ ಕೆಲಸ ಮಾಡುವವನು. ಹೊಸಬರಿಗೆ ಕಲಿಸುವಾಗ ಮೊದಲು ತೋರಿಸುವುದು ಈ ಒಂದು ಬೆಟ್ಟವನ್ನೇ. ದೂರದಿಂದ ಕಾಣಿಸು, ಆಸೆ ಹುಟ್ಟಿಸು, ಹತ್ತಿಸು, ಇನ್ನೊಂದು ಬಾಗಿಲಿಂದ ಬಿಡು. ಸ್ಕೈರಿಮ್ ಉದ್ದಕ್ಕೂ ಇದನ್ನು ಮತ್ತೆ ಮತ್ತೆ ಮಾಡುತ್ತದೆ. ಇದರ ಹಿಂದಿನ ಗೇಮ್ ಆಬ್ಲಿವಿಯನ್‌ನಲ್ಲಿ ಗುಹೆಗಳು ಒಂದರ ಹಾಗೆ ಒಂದು ಇದ್ದವು. ಅದನ್ನು ಅವರು ತಿದ್ದಿಕೊಂಡರು. ಈ ಗೇಮಿಗೆ ಡಂಜನ್‌ಗಳಿಗೆ (ಇಂಥ ಗುಹೆ, ಸಮಾಧಿಗಳಿಗೆ) ಅಂತಲೇ ಬೇರೆ ಜನರನ್ನು ಕೂರಿಸಿ, ಒಂದೊಂದನ್ನೂ ಕೈಯಾರೆ ಕಟ್ಟಿದರು.

ನಿಮಗೆ ಈ ಗೇಮಿನ ನಿಜವಾದ ಬಲ ನೋಡಬೇಕು ಅಂತಿದ್ದರೆ ಉತ್ತರದ ಕಡಲ ತೀರಕ್ಕೆ ಹೋಗಿ. ಡಾನ್‌ಸ್ಟಾರ್‌ ಊರಿನಿಂದ ಪೂರ್ವಕ್ಕೆ ನಡೆದರೆ ಫ್ರಾಸ್ಟ್‌ಫ್ಲೋ ಲೈಟ್‌ಹೌಸ್ ಅಂತ ಒಂದು ದೀಪಸ್ತಂಭ ಸಿಗುತ್ತದೆ. ಅಲ್ಲಿಗೆ ಹೋಗು ಅಂತ ನಿಮಗೆ ಯಾರೂ ಹೇಳುವುದಿಲ್ಲ. ಒಳಗೆ ಒಬ್ಬ ಹೆಂಗಸಿನ ಹೆಣ, ಅಲ್ಲಲ್ಲಿ ಬಿದ್ದ ಡೈರಿಗಳು. ದೀಪ ನೋಡಿಕೊಂಡು ಬದುಕೋಣ ಅಂತ ಬಂದ ಒಂದು ಕುಟುಂಬ. ನೆಲಮಾಳಿಗೆಯಿಂದ ಏನೋ ಸದ್ದು ಬರುತ್ತಿತ್ತು ಅಂತ ಬರೆದಿದ್ದಾರೆ. ಕೆಳಗಿಳಿದು ಹೋದ ಹಾಗೆ ಒಬ್ಬೊಬ್ಬರಿಗೂ ಏನಾಯಿತು ಅಂತ ಗೊತ್ತಾಗುತ್ತದೆ. ಅಪ್ಪನಿಗೆ ಒಂದು ಆಸೆ ಇತ್ತು ಅನ್ನುವುದೂ ಗೊತ್ತಾಗುತ್ತದೆ. ಡೈರಿ ಓದಿದವರು ಕೊನೆಗೆ ಮೇಲೆ ಹತ್ತಿ ದೀಪದ ಬೆಂಕಿಯ ಹತ್ತಿರ ಒಂದು ಕೆಲಸ ಮಾಡಬಹುದು. ಅದಕ್ಕೆ ದಾರಿ ತೋರಿಸುವ ಮಾರ್ಕರ್ ಇಲ್ಲ, ಕ್ವೆಸ್ಟ್ (ಗೇಮ್ ಕೊಡುವ ಕೆಲಸ) ಮುಗಿಯಿತು ಅನ್ನುವ ಸದ್ದೂ ಇಲ್ಲ. ಓದದವರಿಗೆ ಅದು ಬರೀ ರಾಕ್ಷಸ ಹುಳಗಳಿರುವ ಇನ್ನೊಂದು ಗುಹೆ. ವಿಚರ್ 3ರಲ್ಲಿ ಕಣ್ಣೀರು ಬರಿಸುವ ಕ್ವೆಸ್ಟ್‌ಗಳು ಬೇಕಾದಷ್ಟಿವೆ. ಆದರೆ ಅಲ್ಲಿ ನಿಮ್ಮ ಪಾಡಿಗೆ ನೀವೇ ಕಥೆ ಹೆಕ್ಕುವ ಈ ಸುಖ ಕಡಿಮೆ. ಅಲ್ಲಿ ಮ್ಯಾಪಿನ ಮೇಲಿನ ಪ್ರಶ್ನಾರ್ಥಕ ಚಿಹ್ನೆಗಳೇ ನಿಮ್ಮನ್ನು ಕರೆದುಕೊಂಡು ಹೋಗುತ್ತವೆ.

ಸಂಗೀತದ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಜೆರೆಮಿ ಸೋಲ್ ಮಾಡಿದ್ದು. ಶುರುವಿನ ಆ ಗಂಡಸರ ಕೋರಸ್ ಎಲ್ಲರಿಗೂ ಗೊತ್ತು, ಅದನ್ನು ಈ ಗೇಮಿಗೆಂದೇ ಕಟ್ಟಿದ ಡ್ರ್ಯಾಗನ್ ಭಾಷೆಯಲ್ಲಿ ಹಾಡಿದ್ದಾರೆ. ನನಗೆ ಅದಕ್ಕಿಂತ ಇಷ್ಟ ರಾತ್ರಿ ಹೊತ್ತು ಬಯಲಿನಲ್ಲಿ ನಡೆಯುವಾಗ ಬರುವ ಮೆಲ್ಲನೆಯ ತುಣುಕುಗಳು. ಹೆಡ್‌ಫೋನ್ ಹಾಕಿಕೊಂಡೇ ಆಡಿ.

ಇನ್ನು ನಿಮ್ಮ ದೂರು. ಕಂಪ್ಯಾನಿಯನ್ಸ್ ಗುಂಪನ್ನೇ ತಗೊಳ್ಳಿ. ಸಾವಿರಾರು ವರ್ಷದ ಪರಂಪರೆ ಇರುವ ಯೋಧರ ಗುಂಪು ಅಂತ ಎಲ್ಲರೂ ಹೊಗಳುತ್ತಾರೆ. ನಿನ್ನೆ ಬಂದ ನೀವು ಬೆರಳೆಣಿಕೆಯ ಮುಖ್ಯ ಕ್ವೆಸ್ಟ್ ಮುಗಿಸಿದರೆ ಅದರ ಹಾರ್ಬಿಂಜರ್, ಅಂದರೆ ನಾಯಕ, ಆಗಿಬಿಡುತ್ತೀರಿ. ಅಷ್ಟು ವರ್ಷದಿಂದ ಅಲ್ಲೇ ಇದ್ದವರಿಗೆ ಒಂದು ಚೂರೂ ಬೇಸರ ಇಲ್ಲ. ನಾಯಕನಾದ ಮೇಲೆ ಮಾಡುವ ಕೆಲಸ ಏನು? ಮೊದಲಿನ ಹಾಗೇ ಇವರನ್ನು ಹೆದರಿಸಿ ಬಾ, ಅಲ್ಲಿ ಕರಡಿ ಹೊಡೆದು ಬಾ. ವಿಂಟರ್‌ಹೋಲ್ಡ್‌ನ ಮಾಂತ್ರಿಕರ ಕಾಲೇಜಿನ ಕಥೆ ಇನ್ನೂ ಕೆಟ್ಟದು. ಬಾಗಿಲಲ್ಲಿ ಫರಾಲ್ಡಾ ಅನ್ನುವವಳು ಒಂದೇ ಒಂದು ಮಂತ್ರ ಮಾಡಿ ತೋರಿಸು ಅಂತಾಳೆ. ಬರದಿದ್ದರೆ ಅವಳೇ ಮಾರುತ್ತಾಳೆ. ಆಮೇಲೆ ಹೆಚ್ಚು ಕಡಿಮೆ ಕೊಡಲಿ ಬೀಸಿಕೊಂಡೇ ಕಾಲೇಜಿನ ಮುಖ್ಯಸ್ಥನಾಗಬಹುದು. ಮಂತ್ರವೇ ಬಾರದ ಪ್ರಿನ್ಸಿಪಾಲ್ ಅಲ್ವಾ! ಇದು ನನಗೆ ನಿಜವಾಗಿ ನೋವು ಕೊಡುವ ವಿಷಯ. ಆ ಕಟ್ಟಡ, ಆ ಮುರಿದ ಸೇತುವೆ, ಸಮುದ್ರಕ್ಕೆ ಕುಸಿದು ಹೋದ ಊರು, ಇಷ್ಟು ಒಳ್ಳೆಯ ಜಾಗ ಕಟ್ಟಿ ಅದರೊಳಗೆ ಓದುವ, ಸೋಲುವ, ಕಲಿಯುವ ಕಥೆಯನ್ನೇ ಇಡಲಿಲ್ಲ.

ಯಾಕೆ ಹೀಗಾಯಿತು? ನನಗೆ ಕಾಣುವ ದೊಡ್ಡ ಕಾರಣ, ಒಬ್ಬರೇ ಒಂದೇ ಸಲ ಆಡುವಾಗ ಏನನ್ನೂ ಕಳೆದುಕೊಳ್ಳಬಾರದು ಅನ್ನುವ ನಿರ್ಧಾರ. ಕತ್ತಿ ಹಿಡಿದವನಿಗೂ ಕಾಲೇಜು ಸಿಗಬೇಕು, ಮಂತ್ರವಾದಿಗೂ ಕಳ್ಳರ ಗುಂಪು ಸಿಗಬೇಕು. ಅಂದ ಮೇಲೆ ಯಾರೂ ಯಾರಿಗೂ ಬಾಗಿಲು ಮುಚ್ಚುವ ಹಾಗಿಲ್ಲ. 2002ರಲ್ಲಿ ಬಂದ ಇದೇ ಸರಣಿಯ ಮಾರೋವಿಂಡ್‌ನಲ್ಲಿ ಗುಂಪಿನಲ್ಲಿ ಮೇಲೇರಬೇಕಾದರೆ ಆ ಗುಂಪಿಗೆ ಬೇಕಾದ ಸ್ಕಿಲ್‌ಗಳು ಸಾಕಷ್ಟು ಇರಲೇಬೇಕಿತ್ತು. ಇನ್ನೊಂದು ಕಾರಣ ಧ್ವನಿ. ಮಾರೋವಿಂಡ್‌ನಲ್ಲಿ ಮಾತು ಹೆಚ್ಚಾಗಿ ಓದುವ ಬರಹ. ಸ್ಕೈರಿಮ್‌ನಲ್ಲಿ ಎಲ್ಲರ ಮಾತನ್ನೂ ನಟರು ಹೇಳಿ ರೆಕಾರ್ಡ್ ಮಾಡಿದ್ದಾರೆ. ಒಂದು ಆಯ್ಕೆ ಜಾಸ್ತಿ ಇಟ್ಟರೆ ಅದರ ಹಿಂದೆ ಹತ್ತಾರು ಸಾಲು ಹೊಸದಾಗಿ ಬರೆದು, ರೆಕಾರ್ಡ್ ಮಾಡಿ, ಪರೀಕ್ಷೆ ಮಾಡಬೇಕು. 100 ಜನರ ತಂಡ ಇಷ್ಟು ದೊಡ್ಡ ನೆಲ ಕಟ್ಟುವಾಗ ಕೈ ಬಿಡುವುದು ಇಂಥದ್ದನ್ನೇ.

ಅಂತರ್ಯುದ್ಧದ ಕಥೆಯಲ್ಲಿ ಇದು ಎದ್ದು ಕಾಣುತ್ತದೆ. ವಿಷಯ ಎಷ್ಟು ಒಳ್ಳೆಯದು ನೋಡಿ. ಯುದ್ಧದಲ್ಲಿ ಬಳಲಿದ ಸಾಮ್ರಾಜ್ಯ ಶಾಂತಿಗಾಗಿ ಒಂದು ಒಪ್ಪಂದಕ್ಕೆ ಸಹಿ ಹಾಕಿದೆ. ಅದರ ಪ್ರಕಾರ ಸ್ಕೈರಿಮ್ ನಾಡಿನ ನಾರ್ಡ್ ಜನ ತಮ್ಮ ದೇವರು ಟಾಲೋಸ್‌ನನ್ನು ಪೂಜೆ ಮಾಡುವಂತಿಲ್ಲ. ಉಲ್ಫ್ರಿಕ್ ಅನ್ನುವ ನಾರ್ಡ್ ನಾಯಕ ದಂಗೆ ಎದ್ದಿದ್ದಾನೆ. ಅವನ ಕಡೆ ನ್ಯಾಯ ಇದೆ ಅನಿಸುತ್ತದೆ. ಆದರೆ ಅವನ ರಾಜಧಾನಿ ವಿಂಡ್‌ಹೆಲ್ಮ್‌ಗೆ ಕಾಲಿಟ್ಟರೆ ಮೊದಲು ಕಾಣುವುದೇ ಇಬ್ಬರು ನಾರ್ಡ್‌ಗಳು ಒಬ್ಬ ಡಾರ್ಕ್ ಎಲ್ಫ್ ಹೆಂಗಸನ್ನು ಬೈಯುತ್ತಿರುವುದು. ಡಾರ್ಕ್ ಎಲ್ಫ್‌ಗಳಿಗೆ ಊರಿನ ಕೊಳಕು ಮೂಲೆ. ಹಲ್ಲಿ ರೂಪದ ಆರ್ಗೋನಿಯನ್‌ಗಳಿಗಂತೂ ಊರೊಳಗೇ ಜಾಗ ಇಲ್ಲ, ಬಂದರಿನಲ್ಲೇ ಬದುಕಬೇಕು. ಯಾರ ಕಡೆ ನಿಲ್ಲುವುದು? ಈ ಪ್ರಶ್ನೆಯನ್ನು ಇಷ್ಟು ಚೆನ್ನಾಗಿ ಕೇಳಿದ ಗೇಮ್ ಅದಕ್ಕೆ ಉತ್ತರ ಕೊಡುವಾಗ ಸೋತಿದೆ. ಯುದ್ಧ ಅಂದರೆ ಕೆಲವು ಕೋಟೆಗಳಲ್ಲಿ ಹತ್ತಿಪ್ಪತ್ತು ಸೈನಿಕರ ಜೊತೆ ಹೊಡೆದಾಟ. ಪರದೆಯ ಮೇಲೆ ಶತ್ರುಬಲ ಇಷ್ಟು ಪರ್ಸೆಂಟ್ ಉಳಿದಿದೆ ಅಂತ ತೋರಿಸುತ್ತಾರೆ. ಗೆದ್ದ ಮೇಲೆ ಕೆಲವು ಊರಿನ ಒಡೆಯರು ಬದಲಾಗುತ್ತಾರೆ. ನೀವು ಆರ್ಗೋನಿಯನ್ ಆಗಿದ್ದರೂ ಉಲ್ಫ್ರಿಕ್‌ನ ಸೈನ್ಯ ಸೇರಬಹುದು. ಯುದ್ಧ ಮುಗಿದರೂ ಬಂದರಿನವರು ಬಂದರಿನಲ್ಲೇ.

ನಿಮ್ಮ ಮುಂದಿರುವ ಒಂದು ಘಟ್ಟದ ಬಗ್ಗೆ ಪೂರ್ತಿ ಹೇಳುವುದಿಲ್ಲ. ಮುಖ್ಯ ಕಥೆಯಲ್ಲಿ ಪಾರ್ಥುರ್ನಾಕ್ಸ್ ಅನ್ನುವ ಮುದಿ ಡ್ರ್ಯಾಗನ್ ಸಿಗುತ್ತಾನೆ. ಇಡೀ ಗೇಮಿನಲ್ಲಿ ಅವನಷ್ಟು ತೂಕದ ಪಾತ್ರ ಇನ್ನೊಂದಿಲ್ಲ. ಅವನ ವಿಷಯದಲ್ಲಿ ಡ್ರ್ಯಾಗನ್ ಬೇಟೆಗಾರರ ಬ್ಲೇಡ್ಸ್ ಗುಂಪು ನಿಮ್ಮನ್ನು ಒಂದು ಕೆಟ್ಟ ಇಕ್ಕಟ್ಟಿಗೆ ಸಿಕ್ಕಿಸುತ್ತದೆ. ವಾದ ಮಾಡಲು, ಮನಸ್ಸು ಬದಲಿಸಲು ದಾರಿಯೇ ಇಲ್ಲ. ಇಲ್ಲಿ ಆಡುವವರಿಗೆ ಸಿಟ್ಟು ಬಂದೇ ಬರುತ್ತದೆ. ಅದನ್ನು ಸರಿಮಾಡಲೆಂದೇ ಜನ ಮಾಡ್ ಮಾಡಿದ್ದಾರೆ.

ಹಾಗಂತ ಎಲ್ಲ ಕ್ವೆಸ್ಟ್‌ಗಳೂ ಸಪ್ಪೆ ಅಲ್ಲ. ಪಶ್ಚಿಮದಲ್ಲಿ ಮಾರ್ಕಾರ್ತ್ ಅಂತ ಕಲ್ಲಿನ ಊರಿದೆ. ಮೊದಲ ಸಲ ಬಾಗಿಲು ದಾಟಿದ ಕೂಡಲೇ ಸಂತೆಯಲ್ಲಿ ಒಂದು ಕೊಲೆ ಯತ್ನ ನಡೆಯುತ್ತದೆ. ಯಾರೋ ಬಂದು ಕೈಗೆ ಚೀಟಿ ತುರುಕುತ್ತಾರೆ. ಅದರ ಹಿಂದೆ ಬಿದ್ದರೆ ಬೆಳ್ಳಿ ಗಣಿಯ ಒಡೆಯರು, ಊರಿನ ಕಾವಲುಗಾರರು, ಬೆಟ್ಟದ ದಂಗೆಕೋರರು ಎಲ್ಲ ಒಂದೇ ಬಲೆಯಲ್ಲಿ ಸಿಕ್ಕಿಕೊಂಡಿರುವುದು ಕಾಣುತ್ತದೆ. ಇಲ್ಲಿ ಗೇಮ್ ನಿಮ್ಮನ್ನು ಓಲೈಸುವುದಿಲ್ಲ. ನಿಮ್ಮ ಡ್ರ್ಯಾಗನ್ ಬೇಟೆಯ ಹೆಸರು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಕಾಲೇಜು, ಕಂಪ್ಯಾನಿಯನ್ಸ್ ಎರಡೂ ಹೀಗೇ ಇರಬೇಕಿತ್ತು.

ಕತ್ತಿಯ ವಿಷಯಕ್ಕೆ ಬರೋಣ. ಎಲ್ಡನ್ ರಿಂಗ್ ಆಡಿ ಬಂದವರಿಗೆ ಇದು ಸಹಿಸಲು ಕಷ್ಟ, ಒಪ್ಪುತ್ತೇನೆ. ಅಲ್ಲಿ ಪ್ರತಿ ಏಟಿಗೂ ಒಂದು ಸಮಯ ಇದೆ. ಎದುರಿನವನ ಕೈ ಏಳುವುದನ್ನು ನೋಡಿ ನೀವು ತಪ್ಪಿಸಿಕೊಳ್ಳುತ್ತೀರಿ. ಸ್ಕೈರಿಮ್‌ನಲ್ಲಿ ಅಡ್ಡ ಹಿಡಿಯುವುದು, ಜೋರಾಗಿ ಹೊಡೆಯುವುದು ಇದ್ದರೂ ಕೊನೆಗೆ ಲೆಕ್ಕಕ್ಕೆ ಬರುವುದು ಅಂಕಿಗಳೇ. ನಿಮ್ಮ ಕತ್ತಿಯ ಅಂಕಿ ದೊಡ್ಡದೋ, ಅವನ ಜೀವದ ಅಂಕಿ ದೊಡ್ಡದೋ. ಡಿಫಿಕಲ್ಟಿ ಏರಿಸಿದರೂ ಶತ್ರುವಿಗೆ ಬುದ್ಧಿ ಬರುವುದಿಲ್ಲ. ನಿಮ್ಮ ಏಟು ಕಡಿಮೆ ಆಗುತ್ತದೆ, ಅವನ ಏಟು ಜಾಸ್ತಿ ಆಗುತ್ತದೆ, ಅಷ್ಟೇ. ಹಾಗಾಗಿ ಬರೀ ಅದನ್ನು ಏರಿಸಿ ಮಜಾ ಸಿಗುತ್ತದೆ ಅಂದುಕೊಳ್ಳಬೇಡಿ.

ಈ ಅಂಕಿಗಳ ಲೆಕ್ಕವೇ ಎಲ್ಲರನ್ನೂ ಕೊನೆಗೆ ಅಡಗಿ ಕೂತು ಬಾಣ ಬಿಡುವವರನ್ನಾಗಿ ಮಾಡುತ್ತದೆ. 18 ಸ್ಕಿಲ್‌ಗಳಿವೆ, ಯಾವುದನ್ನು ಬಳಸುತ್ತೀರೋ ಅದು ಬೆಳೆಯುತ್ತದೆ. ಇದು ಬಹಳ ಚಂದದ ಏರ್ಪಾಡು. ಶುರುವಿನಲ್ಲಿ ನೀನು ಯಾರು ಅಂತ ಬರೆದು ಕೊಡಬೇಕಿಲ್ಲ, ಆಡುತ್ತಾ ಆಡುತ್ತಾ ಗೊತ್ತಾಗುತ್ತದೆ. ಆದರೆ ಕತ್ತಲಲ್ಲಿ ಕೂತು ಬಿಟ್ಟ ಬಾಣಕ್ಕೆ ದುಪ್ಪಟ್ಟು, ಪರ್ಕ್ (ಲೆವೆಲ್ ಏರಿದಾಗ ಆರಿಸುವ ವಿಶೇಷ ಶಕ್ತಿ) ಹಾಕಿದರೆ ಮೂರು ಪಟ್ಟು ಹೊಡೆತ. ಪಕ್ಕದವನು ಸತ್ತು ಬಿದ್ದರೂ ಕಾವಲುಗಾರ ಸ್ವಲ್ಪ ಹೊತ್ತು ಹುಡುಕಿ ಮರೆತು ಬಿಡುತ್ತಾನೆ. ಮದ್ದು ತಯಾರಿಕೆ, ವಸ್ತುಗಳಿಗೆ ಮಂತ್ರ ತುಂಬುವುದು, ಈ ಎರಡೂ ಒಂದನ್ನೊಂದು ಏರಿಸುತ್ತಾ ಕಮ್ಮಾರಿಕೆಯನ್ನೂ ಏರಿಸುವುದರಿಂದ ಮನಸ್ಸು ಮಾಡಿದರೆ ಒಂದೇ ಏಟಿಗೆ ಡ್ರ್ಯಾಗನ್ ಬೀಳಿಸುವ ಕತ್ತಿ ಮಾಡಬಹುದು. ದಯವಿಟ್ಟು ಆ ದಾರಿಗೆ ಹೋಗಬೇಡಿ. ಹೋದರೆ ಉಳಿದಿರುವ ಭಯವೂ ಹೋಗುತ್ತದೆ.

ಬಗ್‌ಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 2011ರಲ್ಲಿ ಪಿಎಸ್3ರಲ್ಲಿ ಆಡಿದವರಿಗೆ ಸೇವ್ ಫೈಲ್ ದೊಡ್ಡದಾದಂತೆ ಗೇಮ್ ತೆವಳಲು ಶುರುವಾಗುತ್ತಿತ್ತು. ನಿಮ್ಮ ಹತ್ತಿರ ಇರುವುದು 2016ರ ಸ್ಪೆಷಲ್ ಎಡಿಷನ್, ಅದು 64 ಬಿಟ್. ಮೆಮೊರಿ ಸಾಲದೆ ಕುಸಿದು ಬೀಳುವ ಹಳೆಯ ಕಾಟ ಇದರಲ್ಲಿ ತುಂಬಾ ಕಡಿಮೆ. ಲ್ಯಾಪ್‌ಟಾಪಿನಲ್ಲಿ 8 ಜಿಬಿ ರಾಮ್ ಮತ್ತು ಒಂದು ಸಾಧಾರಣ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಸಾಕು.

ಮಾಡ್ ಕೇಳಿದ್ದೀರಿ. ಎರಡೇ ಹಾಕಿ. ಒಂದು, ಅನ್‌ಅಫಿಶಿಯಲ್ ಸ್ಕೈರಿಮ್ ಸ್ಪೆಷಲ್ ಎಡಿಷನ್ ಪ್ಯಾಚ್. ಬೆಥೆಸ್ಡಾ ಸರಿಮಾಡದೆ ಬಿಟ್ಟ ಬಗ್‌ಗಳ ದೊಡ್ಡ ರಾಶಿಯನ್ನು ಅಭಿಮಾನಿಗಳು ಇದರಲ್ಲಿ ತಿದ್ದಿದ್ದಾರೆ. ಇನ್ನೊಂದು, ಸ್ಕೈಯುಐ. ಮೂಲ ಮೆನು ಗೇಮ್‌ಪ್ಯಾಡಿಗೆ ಮಾಡಿದ್ದು, ಕಂಪ್ಯೂಟರಿನಲ್ಲಿ ಚೀಲ ಹುಡುಕುವುದೇ ಒಂದು ಹಿಂಸೆ. ಇದು ಅದನ್ನು ಓದುವ ಹಾಗೆ ಮಾಡುತ್ತದೆ. ಸ್ಕೈಯುಐಗೆ ಎಸ್‌ಕೆಎಸ್‌ಇ ಅನ್ನುವ ಇನ್ನೊಂದು ಸಣ್ಣ ಪ್ರೋಗ್ರಾಂ ಬೇಕು, ಅದರ ವರ್ಷನ್ ನಿಮ್ಮ ಗೇಮಿನ ವರ್ಷನ್‌ಗೆ ಸರಿಯಾಗಿ ಹೊಂದಬೇಕು. ನೂರು ಮಾಡ್ ಹಾಕಿ ಅಂತ ಹೇಳುವವರ ಮಾತು ಮೊದಲ ಸಲಕ್ಕೆ ಕೇಳಬೇಡಿ. ಆಮೇಲೆ ನೀವು ಆಡುವುದು ಸ್ಕೈರಿಮ್ ಅಲ್ಲ, ಮಾಡ್‌ಗಳ ಜಗಳ ಬಿಡಿಸುವ ಕೆಲಸ. ಒಂದು ಸಲ ಪೂರ್ತಿ ಆಡಿದ ಮೇಲೆ ಜರ್ಮನಿಯ ಶ್ಯೂರ್‌ಎಐ ತಂಡ ಇದೇ ಗೇಮಿನ ಮೇಲೆ ಕಟ್ಟಿದ ಎಂಡೆರಾಲ್ ಆಡಿ. ಬೇರೆಯೇ ಲೋಕ, ಬೇರೆಯೇ ಕಥೆ. ನಿಮ್ಮಂಥ ಕಥೆ ಬೇಕು ಅನ್ನುವವರಿಗೆ ಅದು ಖಂಡಿತ ಹಿಡಿಸುತ್ತದೆ.

ಈಗ ಮಾಡಬೇಕಾದದ್ದು. ಹೊಸ ಪಾತ್ರ ಶುರು ಮಾಡಿ. 2021ರ ನವೆಂಬರ್‌ನಲ್ಲಿ ಬಂದ ಅಪ್‌ಡೇಟ್ ಜೊತೆ ಸ್ಪೆಷಲ್ ಎಡಿಷನ್ ಇರುವವರಿಗೆ ಸರ್ವೈವಲ್ ಮೋಡ್ ಉಚಿತವಾಗಿ ಸಿಕ್ಕಿದೆ. ಅದನ್ನು ಆನ್ ಮಾಡಿ. ಆಗ ಹಸಿವು, ಚಳಿ, ಆಯಾಸ ಎಲ್ಲ ಲೆಕ್ಕಕ್ಕೆ ಬರುತ್ತದೆ. ಮಲಗದೆ ಲೆವೆಲ್ ಏರುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಮ್ಯಾಪ್ ಒತ್ತಿ ಹಾರಿ ಹೋಗುವ ಫಾಸ್ಟ್ ಟ್ರಾವೆಲ್ ನಿಂತು ಹೋಗುತ್ತದೆ. ದೊಡ್ಡ ಊರಿನ ಲಾಯದ ಹತ್ತಿರ ಗಾಡಿ ಬಾಡಿಗೆಗೆ ಸಿಗುತ್ತದೆ, ಇಲ್ಲವಾದರೆ ನಡೆಯಬೇಕು. ಬೆಟ್ಟದ ಮೇಲೆ ರಾತ್ರಿ ಆದರೆ ಎಲ್ಲಿ ಬೆಂಕಿ ಇದೆ ಅಂತ ಹುಡುಕುತ್ತೀರಿ. ಗೇಮಿನ ಜನ ಒಡ್ಡದ ಅಡ್ಡಿಯನ್ನು ನೆಲ ಒಡ್ಡುತ್ತದೆ. ಕತ್ತಿ ಹಗುರವಾಗಿಯೇ ಇರುತ್ತದೆ, ಆದರೆ ಜಗಳಕ್ಕೆ ಹೋಗಬೇಕಾ ಬೇಡವಾ ಅನ್ನುವುದು ತೂಕದ ಪ್ರಶ್ನೆ ಆಗುತ್ತದೆ.

ಪಾತ್ರಕ್ಕೆ ಒಂದು ಮಿತಿ ಹಾಕಿಕೊಳ್ಳಿ. ಮಂತ್ರವಾದಿ ಆದರೆ ಲೋಹದ ಕವಚ ಮುಟ್ಟಬೇಡಿ, ಬಿಲ್ಲು ಮುಟ್ಟಬೇಡಿ. ಗುಂಪು ಒಂದೇ ಸೇರಿ. ಜರ್ನಲ್‌ನಲ್ಲಿ ಕ್ವೆಸ್ಟ್ ಆರಿಸದೆ ಬಿಟ್ಟರೆ ಅದರ ಬಾಣದ ಗುರುತು ಹೋಗುತ್ತದೆ, ನಡೆಯುವಾಗ ಹಾಗೇ ಬಿಡಿ. ಮನೆಯೊಳಗೆ ವಸ್ತು ಹುಡುಕುವಾಗ ಬೇಕಾದರೆ ಮತ್ತೆ ಹಾಕಿಕೊಳ್ಳಿ. ಎಷ್ಟೋ ಕ್ವೆಸ್ಟ್‌ಗಳಲ್ಲಿ ಜಾಗ ಎಲ್ಲಿದೆ ಅಂತ ಮಾತಿನಲ್ಲಿ ಹೇಳುವುದೇ ಇಲ್ಲ, ಹಾಗಾಗಿ ಮಾರ್ಕರ್ ಇಲ್ಲದೆ ಪೂರ್ತಿ ಆಡಲು ಆಗದು. ವೈಟ್‌ರನ್‌ನಿಂದ ಮಾರ್ಕಾರ್ತ್‌ಗೆ ಕಾಲ್ನಡಿಗೆಯಲ್ಲಿ ಹೋಗಿ. ಹೈ ಹ್ರೋತ್‌ಗಾರ್ ಮಠಕ್ಕೆ ಹತ್ತುವಾಗ ದಾರಿಯ ಕಲ್ಲಿನ ಬರಹಗಳನ್ನು ಒಂದೂ ಬಿಡದೆ ಓದಿ. ಹತ್ತುವ ಮೊದಲು ಬುಡದ ಐವರ್‌ಸ್ಟೆಡ್ ಹಳ್ಳಿಯಲ್ಲಿ ಕ್ಲಿಮ್ಮೆಕ್‌ನನ್ನು ಮಾತಾಡಿಸಿ, ಮೇಲಿನವರಿಗೆ ಅವನು ಕೊಡುವ ಸಾಮಾನಿನ ಚೀಲ ಹೊತ್ತುಕೊಂಡು ಹೋಗಿ. ಮೇಲೆ ಒಂದು ಹಿಮದ ಟ್ರೋಲ್ (ರಾಕ್ಷಸ ಪ್ರಾಣಿ) ಕಾಯುತ್ತಿರುತ್ತದೆ, ಬೆಂಕಿಯ ಏಟು ಅದಕ್ಕೆ ಜಾಸ್ತಿ ತಗಲುತ್ತದೆ.

ಕೊನೆಯದಾಗಿ ಸೇವ್ ಬಗ್ಗೆ. ಆಟೋಸೇವ್ ಒಂದನ್ನೇ ನಂಬಬೇಡಿ, ಆಗಾಗ ಬೇರೆ ಬೇರೆ ಫೈಲಿಗೆ ಸೇವ್ ಮಾಡಿ. ಮುಖ್ಯವಾಗಿ ವಿಂಡ್‌ಹೆಲ್ಮ್ ಊರಿಗೆ ಹೋಗುವ ಮೊದಲು ಒಂದು ಸೇವ್ ಇಟ್ಟುಕೊಳ್ಳಿ. ಅಲ್ಲಿ ರಾತ್ರಿ ಹೊತ್ತು ಶುರುವಾಗುವ ಒಂದು ಕೊಲೆ ತನಿಖೆ ಇದೆ. ಕಥೆ ಚೆನ್ನಾಗಿದೆ, ಆದರೆ ಮಧ್ಯದಲ್ಲೇ ಸಿಕ್ಕಿ ನಿಂತು ಬಿಡುವುದಕ್ಕೆ ಹೆಸರಾದ ಕ್ವೆಸ್ಟ್ ಅದು. ನಾನು ಹೇಳಿದ ಪ್ಯಾಚ್ ಹಾಕಿದ್ದರೆ ಆ ಕಾಟ ಬಹಳ ಕಡಿಮೆ.